ಖಾದಿಯ ನೇಮವೂ ಮಗುವಿನ ರೇನ್‌ಕೋಟೂ

ಖಾದಿಯ ಹೊರತು ಬೇರೆ ಬಟ್ಟೆ ಕೊಳ್ಳೆವೆಂದು ನೇಮ ಹಿಡಿದ ಮನೆಗಳು ಇಂದಿಗೂ ಉಂಟು. ಅಂಥ ಮನೆಯ ಮಗು ಮಲೆನಾಡಿನ ಮಳೆಯಲ್ಲಿ ಶಾಲೆಗೆ ನಡೆಯಬೇಕಾದಾಗ ತಂದೆತಾಯಿಗಳು ಪ್ಲಾಸ್ಟಿಕ್ ರೇನ್‌ಕೋಟು ತರುತ್ತಾರೆ. ತಂದ ಮೇಲೆ 'ನೇಮ ಕೆಟ್ಟಿತು' ಎಂದು ಒಳಗೊಳಗೇ ನೋಯುತ್ತಾರೆ. ಈ ನೋವು ಸರಿಯೇ? ವಿಚಾರ ಮಾಡೋಣ.

1956ರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕಾಯಿದೆಯಂತೆ, ಕೈಯಿಂದ ನೂತ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಖಾದಿ. ನೂಲುವವರಿಗೂ ನೇಯುವವರಿಗೂ ಊರಲ್ಲೇ ಕೂಲಿ ಸಿಗಲೆಂಬುದು ನೇಮದ ತಿರುಳು. ಆದರೆ ಹತ್ತಿಬಟ್ಟೆ ನೀರು ಹೀರುತ್ತದೆ. ಒದ್ದೆಬಟ್ಟೆ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ನೆನೆದ ಕಂಬಳಿ ಮಗುವಿಗೆ ಭಾರ. ಗೊರಬೆ ನಾಟಿಗೆ ಬಗ್ಗಿದ ಬೆನ್ನಿಗೆ ಸರಿ, ಪುಸ್ತಕದ ಚೀಲ ಹೊತ್ತವರಿಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಖಾದಿ ಮಾಡಲಾರದ ಕೆಲಸಕ್ಕೆ ಬೇರೆ ವಸ್ತು ತಂದರೆ ನೂಲುವವರ ಕೂಲಿ ತಪ್ಪುವುದಿಲ್ಲ. ಹಿರಿಯರ ನೇಮಕ್ಕಾಗಿ ಮಗು ನೆನೆಯುವುದು ನ್ಯಾಯವಲ್ಲ.

ಆದರೂ ಮನಸ್ಸು ಚುಚ್ಚಿದರೆ ಹೀಗೆ ಮಾಡಿರಿ:

1. ಒಂದಳತೆ ದೊಡ್ಡದನ್ನೇ ಕೊಳ್ಳಿರಿ. ಎರಡು ಮಳೆಗಾಲ ಬಂದೀತು.
2. ನೆರಳಲ್ಲಿ ಒಣಗಿಸಿರಿ; ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಬಿರಿಯುತ್ತದೆ.
3. ಚಿಕ್ಕದಾದರೆ ತಮ್ಮತಂಗಿಯರಿಗೋ ನೆರೆಮನೆಗೋ ಕೊಡಿರಿ.
4. ಹರಿದದ್ದನ್ನು ಒಲೆಗೆ ಹಾಕಬೇಡಿರಿ. ಅದರ ಹೊಗೆ ವಿಷ.
5. ಮಗುವಿನ ಟವೆಲು, ಹೊದಿಕೆ, ಹಬ್ಬದ ಅಂಗಿ ಖಾದಿಯದೇ ಇರಲಿ.

ಖಾದಿ ಏಕೆ, ರೇನ್‌ಕೋಟು ಏಕೆ ಎಂಬೆರಡನ್ನೂ ಮಗುವಿಗೆ ಬಿಡಿಸಿ ಹೇಳಿರಿ. ಕಾರಣ ತಿಳಿದ ಮಗುವೇ ನಾಳೆ ನೇಮವನ್ನು ನಡೆಸಿಕೊಂಡು ಹೋಗುವುದು.