ಕಿವಿ ಕೇಳದ ಮಗುವಿಗೆ ಶಾಲೆಯಲ್ಲಿ ನುಡಿಯ ನೆರವು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಲಾಲ್‌ಬಾಗಿನ ಒಂದು ಬಾಗಿಲಿಗೆ ತನ್ನ ಹೆಸರನ್ನು ಕೊಟ್ಟಿರುವ ಸಿದ್ದಾಪುರವಿದೆ. ಸಸಿ ಮಾರುವ ನರ್ಸರಿಗಳು, ಒತ್ತೊತ್ತಾದ ಮನೆಗಳು, ಕನ್ನಡದೊಡನೆ ತಮಿಳು, ತೆಲುಗು, ಉರ್ದು ಕೇಳಿಬರುವ ಬೀದಿಗಳು ಅಲ್ಲಿವೆ. ಇಂತಹ ಬಡಾವಣೆಯ ಶಾಲೆಯೊಂದರ ಕೊನೆಯ ಸಾಲಿನಲ್ಲಿ ಸುಮ್ಮನೆ ಕುಳಿತಿರುವ ಮಗುವೊಂದನ್ನು ಕಲ್ಪಿಸಿಕೊಳ್ಳೋಣ. ಅದು ಕಪ್ಪುಹಲಗೆಯ ಬರಹವನ್ನು ದುಂಡಗೆ ನಕಲು ಮಾಡುತ್ತದೆ. ಇತರರು ಎದ್ದಾಗ ತಾನೂ ಏಳುತ್ತದೆ. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತದೆ. ಗಲಾಟೆ ಮಾಡದ ಕಾರಣ ಒಳ್ಳೆಯ ಮಗುವೆಂದೂ, ಉತ್ತರ ಹೇಳದ ಕಾರಣ ದಡ್ಡ ಮಗುವೆಂದೂ ಹೆಸರು ಪಡೆಯುತ್ತದೆ. ಅದಕ್ಕೆ ಕಿವಿ ಸರಿಯಾಗಿ ಕೇಳುತ್ತಿಲ್ಲವೆಂಬುದು ಯಾರ ಗಮನಕ್ಕೂ ಬರದೆ ವರ್ಷಗಳು ಉರುಳುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಶ್ರವಣ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 3 ಕೋಟಿ 40 ಲಕ್ಷ ಮಕ್ಕಳಿಗೆ ಶ್ರವಣದೋಷಕ್ಕೆ ಸಂಬಂಧಿಸಿದ ನೆರವು ಬೇಕಾಗಿದೆ. ಈ ಮಕ್ಕಳ ಬುದ್ಧಿಗೆ ಕೊರತೆಯಿಲ್ಲ. ಶಬ್ದ ಕೇಳದಿರುವುದಕ್ಕಿಂತಲೂ ದೊಡ್ಡ ನಷ್ಟವೆಂದರೆ, ಅದರಿಂದಾಗಿ ಭಾಷೆ ಬೆಳೆಯದೆ ಹೋಗುವುದು. ಈ ನಷ್ಟವನ್ನು ತಡೆಯಬಹುದು. ತಡೆಯುವ ಬಗೆಯನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಭಾಷೆ ಬೆಳೆಯುವ ಬಗೆ

ಕಿವಿ ಕೇಳುವ ಮಗುವಿಗೆ ಭಾಷೆಯನ್ನು ಯಾರೂ ಕುಳ್ಳಿರಿಸಿ ಕಲಿಸುವುದಿಲ್ಲ. ಅಜ್ಜಿ ನೆರೆಯವರೊಡನೆ ಆಡುವ ಮಾತು, ತರಕಾರಿ ಗಾಡಿಯ ಬಳಿ ನಡೆಯುವ ಚೌಕಾಸಿ, ಮನೆಯಲ್ಲಿ ದೊಡ್ಡವರ ಚರ್ಚೆ, ಇವೆಲ್ಲ ತಾವಾಗಿಯೇ ಕಿವಿಗೆ ಬಿದ್ದು ಮನಸ್ಸಿನಲ್ಲಿ ಉಳಿಯುತ್ತವೆ. ಶ್ರವಣದೋಷವುಳ್ಳ ಮಗುವಿಗೆ ಈ ಗಳಿಕೆ ಇಲ್ಲ. ಅದು ತಂದೆತಾಯಿಯರೊಡನೆ ಮಠಕ್ಕೆ ಬರುತ್ತದೆ, ಕೈಮುಗಿಯುತ್ತದೆ, ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತದೆ. ಆದರೆ ಈ ದಿನ ಇಷ್ಟು ಜನ ಏಕೆ ಸೇರಿದ್ದಾರೆ, ಈ ಊಟಕ್ಕೆ ದಾಸೋಹವೆಂಬ ಹೆಸರು ಏಕೆ ಬಂದಿತು ಎಂಬುದನ್ನು ಅದಕ್ಕೆ ತಿಳಿಯುವಂತೆ ಹೇಳಿದವರು ಯಾರು? ಕಣ್ಣಿಗೆ ಕಾಣುವ ವಸ್ತುಗಳ ಹೆಸರನ್ನು ಮಗು ಹೇಗೋ ಕಲಿತೀತು. ‘ಏಕೆ’, ‘ಆಮೇಲೆ’, ‘ಒಂದು ವೇಳೆ’ ಎಂಬ ಮಾತುಗಳು ಕಣ್ಣಿಗೆ ಕಾಣುವಂಥವಲ್ಲ. ಯೋಚನೆ ನಡೆಯುವುದು ಇಂತಹ ಮಾತುಗಳನ್ನು ಹಿಡಿದುಕೊಂಡೇ.

ಭಾಷೆಯ ಬುನಾದಿ ಬೀಳುವುದು ಮೊದಲ ಐದಾರು ವರ್ಷಗಳಲ್ಲಿ. ಆದ್ದರಿಂದಲೇ ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ನೆರವು ಆಗಬೇಕೆಂದು ತಜ್ಞರು ಹೇಳುತ್ತಾರೆ. ಶಾಲೆಗೆ ಬಂದ ಮೇಲೆ ದೋಷ ಪತ್ತೆಯಾದರೂ ಕೈಚೆಲ್ಲಬೇಕಾಗಿಲ್ಲ. ಆದರೆ ಮೊದಲು ಭಾಷೆ, ಆನಂತರ ಪಾಠ ಎಂಬ ಕ್ರಮವನ್ನು ಶಾಲೆ ಒಪ್ಪಿಕೊಳ್ಳಬೇಕು.

ಕನ್ನಡದ ವಿಶೇಷ ತೊಡಕುಗಳು

ನಮ್ಮ ನುಡಿಯಲ್ಲಿ ಅರ್ಥದ ಬಹುಪಾಲು ಪದದ ಕೊನೆಯಲ್ಲಿರುತ್ತದೆ. ಮನೆಗೆ, ಮನೆಯಲ್ಲಿ, ಮನೆಯಿಂದ. ಬಂದನು, ಬಂದಳು, ಬಂದಿತು. ಮಾತನಾಡುವಾಗ ನಮ್ಮ ದನಿ ಇಳಿಯುವುದೂ ಅಲ್ಲಿಯೇ. ಮಂದವಾಗಿ ಕೇಳುವ ಮಗುವಿಗೆ ‘ಮನೆ’ ಕೇಳಿಸುತ್ತದೆ, ಪ್ರತ್ಯಯ ಕೇಳಿಸುವುದಿಲ್ಲ. ‘ಮಾಡಬೇಡ’ ಎಂದಾಗ ‘ಮಾಡು’ ಎಂಬಷ್ಟೇ ತಲುಪಿದರೆ ಮಗು ಬೇಡವೆಂದ ಕೆಲಸವನ್ನೇ ಮಾಡುತ್ತದೆ. ನಾವು ಅದನ್ನು ಹಟಮಾರಿ ಎನ್ನುತ್ತೇವೆ.

ತುಟಿಯನ್ನು ನೋಡಿ ತಿಳಿಯಬಹುದಲ್ಲ ಎಂದು ಕೆಲವರು ಭಾವಿಸುತ್ತಾರೆ. ಕನ್ನಡಿಯ ಮುಂದೆ ನಿಂತು ಬರ, ಮರ, ಪರ ಎಂದು ದನಿಯಿಲ್ಲದೆ ಉಚ್ಚರಿಸಿ ನೋಡಬೇಕು. ಮೂರೂ ಒಂದೇ ಬಗೆಯಾಗಿ ಕಾಣುತ್ತವೆ. ಕ, ಗ, ಹ ಮುಂತಾದವು ತುಟಿಯ ಮೇಲೆ ಕಾಣುವುದೇ ಇಲ್ಲ. ತುಟಿಯ ಚಲನೆ ಸಹಾಯಕವೇ ಹೊರತು ಅದೊಂದೇ ಸಾಲದು.

ದುಂಡಾದ ಅಕ್ಷರ ಶಿಕ್ಷಕರನ್ನು ಮೋಸಗೊಳಿಸುತ್ತದೆ. ನಕಲು ಮಾಡಿದ್ದನ್ನು ಅಳಿಸಿ, ‘ನಿನ್ನೆ ಏನು ಮಾಡಿದೆ?’ ಎಂಬುದಕ್ಕೆ ಸ್ವಂತವಾಗಿ ಉತ್ತರ ಬರೆಯಿಸಬೇಕು. ‘ನಾನು ಶಾಲೆ ಹೋಗು’ ಎಂದು ಬರೆದರೆ ಅದು ಸೋಮಾರಿತನವಲ್ಲ. ಮಗುವಿಗೆ ಎಂದೂ ಕೇಳಿಸದ ಪ್ರತ್ಯಯಗಳು ಬರಹದಲ್ಲಿಯೂ ಬಿಟ್ಟುಹೋಗಿವೆ.

ತಪಾಸಣೆ ಮತ್ತು ಸಾಧನ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ಶ್ರವಣ ನಷ್ಟವಿದ್ದರೆ ಕಿವುಡುತನ, 60ರಿಂದ 70 ಡೆಸಿಬಲ್ ಇದ್ದರೆ ಮಂದಶ್ರವಣ. ಇದಕ್ಕಿಂತ ಕಡಿಮೆ ನಷ್ಟವಿರುವ ಮಗು ಅಥವಾ ಒಂದೇ ಕಿವಿ ಕೇಳದ ಮಗು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೂ ಗದ್ದಲದ ತರಗತಿಯಲ್ಲಿ ಅದೂ ಪಾಠದ ಎಷ್ಟೋ ಭಾಗವನ್ನು ಕಳೆದುಕೊಳ್ಳುತ್ತದೆ. ಪ್ರಮಾಣಪತ್ರ ದೊರೆಯಲಿಲ್ಲವೆಂದ ಮಾತ್ರಕ್ಕೆ ತೊಂದರೆ ಇಲ್ಲವೆಂದು ತಿಳಿಯಬಾರದು.

ಸಿದ್ದಾಪುರದ ಪಾಲಕರಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ, ವಾಕ್ ಮತ್ತು ಶ್ರವಣ ವಿಭಾಗವನ್ನು ಹೊಂದಿರುವ ನಿಮ್ಹಾನ್ಸ್ ಕೂಡ ಸಮೀಪದಲ್ಲಿಯೇ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಡೀ ದೇಶಕ್ಕೆ ಮಾರ್ಗದರ್ಶಿ. ಅಲ್ಲಿಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರೂ ಮಕ್ಕಳೊಡನೆ ಕುಳಿತು, ಮನೆಯಲ್ಲಿ ಭಾಷೆಯನ್ನು ಬೆಳೆಸುವ ವಿಧಾನವನ್ನು ಕಲಿಯುತ್ತಾರೆ.

ಶ್ರವಣ ಸಾಧನ ಹಾಕಿದೊಡನೆ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಆದೊಡನೆ ಮಾತು ಬಂದುಬಿಡುವುದಿಲ್ಲ. ಸಾಧನವು ಶಬ್ದವನ್ನು ಒದಗಿಸುತ್ತದೆ. ಆ ಶಬ್ದಕ್ಕೆ ಅರ್ಥ ಕೂಡಿಬರಲು ದಿನದಿನದ ಅಭ್ಯಾಸ ಬೇಕು. ಸಾಧನ ಕೆಲಸ ಮಾಡುತ್ತಿದೆಯೇ ಎಂದು ಪ್ರತಿದಿನ ಬೆಳಿಗ್ಗೆ ನೋಡುವ ಸುಲಭ ಕ್ರಮವೊಂದಿದೆ. ಮಗುವಿಗೆ ತುಟಿ ಕಾಣದಂತೆ ಹಿಂದೆ ನಿಂತು ಮ್, ಊ, ಆ, ಈ, ಶ್, ಸ್ ಎಂಬ ಆರು ಧ್ವನಿಗಳನ್ನು ಕ್ರಮ ಬದಲಿಸುತ್ತ ಒಂದೊಂದಾಗಿ ಹೇಳಬೇಕು. ಕೇಳಿಸಿದಾಗಲೆಲ್ಲ ಮಗು ಚಪ್ಪಾಳೆ ತಟ್ಟಬೇಕು. ನಿನ್ನೆ ಕೇಳಿಸಿದ್ದು ಇಂದು ಕೇಳಿಸದಿದ್ದರೆ ಬ್ಯಾಟರಿ ಮುಗಿದಿರಬಹುದು, ಅಚ್ಚಿನಲ್ಲಿ ಗುಗ್ಗೆ ಕಟ್ಟಿರಬಹುದು, ಇಲ್ಲವೇ ಕಿವಿಗೆ ಸೋಂಕು ತಗುಲಿರಬಹುದು. ಕಿವಿ ಸೋರುತ್ತಿದ್ದರೆ ಕಾಯಿಸಿದ ಎಣ್ಣೆ ಹಾಕದೆ ವೈದ್ಯರಿಗೆ ತೋರಿಸಬೇಕು. ಮಕ್ಕಳ ಕೆನ್ನೆಗೆ ಹೊಡೆಯುವುದಂತೂ ಕೂಡದು. ಆ ಪೆಟ್ಟಿಗೆ ಕಿವಿಯ ತಮಟೆ ಹರಿಯಬಹುದು.

ಸಂಜ್ಞಾ ಭಾಷೆಯ ಭಯ ಬೇಡ

ಸನ್ನೆ ಕಲಿತರೆ ಮಗು ಮಾತು ಕಲಿಯುವುದಿಲ್ಲವೆಂಬ ಭಯ ಬಹುಮಂದಿಯಲ್ಲಿದೆ. ಈ ಭಯಕ್ಕೆ ಆಧಾರವಿಲ್ಲ. ಸಂಜ್ಞಾ ಭಾಷೆಯನ್ನು ಬಳಸುವ ತಂದೆತಾಯಿಯರ ಕಿವುಡು ಮಕ್ಕಳು, ಇತರ ಮಕ್ಕಳು ಮಾತು ಕಲಿಯುವ ವಯಸ್ಸಿನಲ್ಲಿಯೇ ಆ ಭಾಷೆಯನ್ನು ಕಲಿಯುತ್ತಾರೆ. ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ 1977ರ ನಂತರ ಕಿವುಡು ಮಕ್ಕಳನ್ನು ಒಂದೇ ಶಾಲೆಯಲ್ಲಿ ಸೇರಿಸಿ ತುಟಿಚಲನೆ ಮತ್ತು ಮಾತನ್ನು ಕಲಿಸಲು ಯತ್ನಿಸಿದರು. ಅದು ಹೆಚ್ಚು ಫಲ ಕೊಡಲಿಲ್ಲ. ಆದರೆ ಆ ಮಕ್ಕಳು ಆಟದ ಬಯಲಿನಲ್ಲಿ ತಮ್ಮ ತಮ್ಮ ಮನೆಯ ಸನ್ನೆಗಳನ್ನು ಕೂಡಿಸಿ, ವ್ಯಾಕರಣವುಳ್ಳ ಹೊಸ ಸಂಜ್ಞಾ ಭಾಷೆಯನ್ನೇ ರೂಪಿಸಿದರು. ಮಕ್ಕಳ ಮನಸ್ಸು ಭಾಷೆಗಾಗಿ ಎಷ್ಟು ಹಸಿದಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ದೇಶದಲ್ಲಿ 2015ರಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. 2021ರಲ್ಲಿ ಅದು 10,000 ಪದಗಳ ನಿಘಂಟನ್ನು ಹೊರತಂದಿತು. ಅದರ ವಿಡಿಯೊಗಳನ್ನು ಮೊಬೈಲ್‌ನಲ್ಲಿಯೇ ನೋಡಿ ಕಲಿಯಬಹುದು. ಮಗುವಿಗೆ ಮಾತು ಒದಗಿದರೆ ಮಾತು, ಸಂಜ್ಞೆ ಒದಗಿದರೆ ಸಂಜ್ಞೆ, ಎರಡೂ ಒದಗಿದರೆ ಎರಡೂ ಇರಲಿ. ಯಾವ ಭಾಷೆಯೂ ಇಲ್ಲದೆ ಕಾಯಿಸುವುದೊಂದೇ ತಪ್ಪು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ಇದ್ದಾಗ, ತಾಯಿಗೆ ಚೆನ್ನಾಗಿ ಬರುವ ನುಡಿಯಲ್ಲಿಯೇ ಅವಳು ಮಗುವಿನೊಡನೆ ಧಾರಾಳವಾಗಿ ಮಾತನಾಡಲಿ.

ತರಗತಿಯಲ್ಲಿ ಅನುಸರಿಸಬೇಕಾದ ಕ್ರಮಗಳು

1. ಮಗುವನ್ನು ಮುಂದಿನ ಸಾಲಿನಲ್ಲಿ, ಶಿಕ್ಷಕರ ಮುಖವೂ ಸಹಪಾಠಿಗಳ ಮುಖವೂ ಕಾಣುವಂತೆ ಕೂರಿಸಬೇಕು. ಶಿಕ್ಷಕರು ಎರಡು ಪಟ್ಟು ದೂರ ಸರಿದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ.

2. ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳಬಾರದು. ಬರೆಯುವಾಗ ಬರೆದು, ತಿರುಗಿ ನಿಂತು ಮಾತನಾಡಬೇಕು. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ನೆರಳಾಗುತ್ತದೆ.

3. ಗದ್ದಲವನ್ನು ಕುಗ್ಗಿಸಬೇಕು. ರಸ್ತೆಯ ಕಡೆಯ ಕಿಟಕಿ ಮುಚ್ಚುವುದು, ಬೆಂಚಿನ ಕಾಲುಗಳಿಗೆ ರಬ್ಬರ್ ತೊಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

4. ಕಿರುಚಬಾರದು. ಸಹಜ ದನಿಯಲ್ಲಿ, ಪೂರ್ಣ ವಾಕ್ಯದಲ್ಲಿ, ಪದದ ಕೊನೆಯನ್ನು ನುಂಗದೆ ಹೇಳಬೇಕು. ತಿಳಿಯದಿದ್ದರೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಬೇಕು.

5. ‘ತಿಳಿಯಿತೇ?’ ಎಂದು ಕೇಳಿದರೆ ಮಗು ತಲೆಯಾಡಿಸುತ್ತದೆ. ‘ಏನು ತಿಳಿಯಿತು, ಹೇಳು’ ಎಂದು ಕೇಳಬೇಕು.

6. ಪ್ರತಿದಿನ ಮಗುವಿನಿಂದ ಒಂದು ಅನುಭವದ ಚಿತ್ರ ಬರೆಯಿಸಿ, ಅದರ ಕೆಳಗೆ ಎರಡು ವಾಕ್ಯ ಸೇರಿಸಿ ಓದಿಸಬೇಕು. ಪ್ರತ್ಯಯಗಳನ್ನು ಬೇರೆ ಬಣ್ಣದಲ್ಲಿ ಬರೆದರೆ ಕಿವಿಗೆ ತಪ್ಪಿದ್ದು ಕಣ್ಣಿಗೆ ಸಿಗುತ್ತದೆ.

7. ಹೊಸ ಪಾಠದ ಕಠಿಣ ಪದಗಳನ್ನು ಹಿಂದಿನ ದಿನವೇ ಮನೆಗೆ ಬರೆದು ಕಳುಹಿಸಬೇಕು.

ಇದು ದಯೆಯ ಮಾತಲ್ಲ, ಮಗುವಿನ ಹಕ್ಕು. ಕಿವುಡು ಮಕ್ಕಳಿಗೆ ಅವರಿಗೆ ತಕ್ಕ ಭಾಷೆ ಮತ್ತು ವಿಧಾನದಲ್ಲಿಯೇ ಶಿಕ್ಷಣ ದೊರೆಯಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಶೇಕಡ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ಭಕ್ತರ ಹೊಣೆ

ಹನ್ನೆರಡನೆಯ ಶತಮಾನದ ಶರಣರು ಜನರ ಮಾತಾದ ಕನ್ನಡದಲ್ಲಿ ನುಡಿದು, ಅರಿವಿನ ಬಾಗಿಲನ್ನು ಎಲ್ಲ ಕಾಯಕದವರಿಗೂ ತೆರೆದರು. ಅಂದು ತಿಳಿಯದ ಭಾಷೆ ಅಡ್ಡಗೋಡೆಯಾಗಿತ್ತು. ಇಂದು ಕೇಳಿಸದ ಭಾಷೆ ಈ ಮಕ್ಕಳಿಗೆ ಅಡ್ಡಗೋಡೆಯಾಗಿದೆ. ಸುತ್ತೂರು ಶ್ರೀಮಠದ ಜೆಎಸ್‌ಎಸ್ ಮಹಾವಿದ್ಯಾಪೀಠವು ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆಯನ್ನೂ ವಿಶೇಷಚೇತನರ ಪಾಲಿಟೆಕ್ನಿಕ್ಕನ್ನೂ ನಡೆಸುತ್ತ ಈ ದಾರಿಯಲ್ಲಿ ನಡೆದಿದೆ. ನಾವೆಲ್ಲರೂ ಸಂಸ್ಥೆ ಕಟ್ಟಲಾರೆವು. ಆದರೆ ನೆರೆಮನೆಯ ಮಗು ಕರೆದರೆ ತಿರುಗದಿದ್ದಾಗ ಅದರ ತಾಯಿಯನ್ನು ತಪಾಸಣೆಗೆ ಕರೆದೊಯ್ಯಬಹುದು. ಬಡ ಕುಟುಂಬಕ್ಕೆ ಶ್ರವಣ ಸಾಧನದ ಬ್ಯಾಟರಿಯ ಖರ್ಚನ್ನು ವಹಿಸಿಕೊಡಬಹುದು. ಮುಂದಿನ ಬಾರಿ ಅಂತಹ ಮಗು ಪ್ರಸಾದದ ಪಂಕ್ತಿಯಲ್ಲಿ ನಮ್ಮ ಪಕ್ಕ ಕುಳಿತಾಗ ಅದರ ಮುಖಕ್ಕೆ ಮುಖ ಕೊಟ್ಟು, ಕೈಸನ್ನೆಯನ್ನೂ ಬಳಸಿ, ಈ ದಿನದ ವಿಶೇಷವೇನೆಂದು ಹೇಳೋಣ. ಅನ್ನದಂತೆ ನುಡಿಯೂ ಹಂಚಿ ಉಣ್ಣಬೇಕಾದ ಪ್ರಸಾದವೇ ಆಗಿದೆ.