ಕರ್ನಲ್ ಕೊಡುವುದು ಸುದ್ದಿ ಮಾತ್ರ

ವಿದ್ಯುತ್ ಮೀಟರುಗಳು ಮೊಬೈಲ್ ಸಿಮ್ ಮೂಲಕ ಕಳಿಸುವ ರೀಡಿಂಗ್ ಪಡೆದುಕೊಳ್ಳುವ ಸರ್ವರ್ ಒಂದರ ಉಸ್ತುವಾರಿ ಕೆಲವು ವರ್ಷ ನನ್ನದಾಗಿತ್ತು. ಸಾವಿರಾರು ಮೀಟರುಗಳು ಸಂಪರ್ಕ ಹಿಡಿದುಕೊಂಡೇ ಇರುತ್ತವೆ, ಮಾತಾಡುವುದು ಮಾತ್ರ ಯಾವಾಗಲೋ ಒಮ್ಮೆ. ಇಂಥ ಸರ್ವರಿನ ಆಯುಷ್ಯದ ಬಹುಪಾಲು ಕಾಯುವುದರಲ್ಲೇ ಹೋಗುತ್ತದೆ. ಆ ಕಾಯುವ ಭಾಗವನ್ನು ಬರೆಯುವುದೇ ಅಲ್ಲಿನ ನಿಜವಾದ ಕೆಲಸ.

ಸಂಪರ್ಕಕ್ಕೊಂದು ಥ್ರೆಡ್ ಕೊಡುತ್ತ ಹೋದರೆ ಭಾರ ಬೆಳೆಯುತ್ತದೆ. ಒಂದೇ ಥ್ರೆಡ್ ಹಲವು ಕಡೆ ಕಿವಿ ಇಡಲಿ ಎಂದು 1983ರ 4.2 ಬಿಎಸ್‌ಡಿ ಯುನಿಕ್ಸ್ ಸೆಲೆಕ್ಟ್ ಎಂಬ ಸಿಸ್ಟಮ್ ಕಾಲ್ ಕೊಟ್ಟಿತು. ಲಿನಕ್ಸ್‌ನ ಜಿಲಿಬ್‌ಸಿಯಲ್ಲಿ ಅದು ನೋಡುವುದು 1024ಕ್ಕಿಂತ ಕೆಳಗಿನ ಡಿಸ್ಕ್ರಿಪ್ಟರುಗಳನ್ನು ಮಾತ್ರ. ಪೋಲ್ ಎಂಬ ಇನ್ನೊಂದು ಕಾಲ್ ಆ ಮಿತಿ ಕಿತ್ತುಹಾಕಿತು, ಆದರೆ ಪ್ರತಿ ಸಲ ಇಡೀ ಪಟ್ಟಿಯನ್ನು ಕರ್ನಲ್‌ಗೆ ಒಪ್ಪಿಸಬೇಕು. ಡೇವಿಡೆ ಲಿಬೆಂಜಿ ಬರೆದ ಇಪೋಲ್ ಲಿನಕ್ಸ್ 2.6ರ ಜೊತೆ ಬಳಕೆಗೆ ಬಂತು. ಅದು ಪಟ್ಟಿಯನ್ನು ಕರ್ನಲ್ ಒಳಗೇ ಇಟ್ಟುಕೊಂಡು, ಸದ್ದಾದ ಸಾಕೆಟ್‌ಗಳನ್ನಷ್ಟೇ ಹೇಳುತ್ತದೆ.

ನಮ್ಮ ಸರ್ವರ್ ಇಪೋಲನ್ನು ಎಡ್ಜ್-ಟ್ರಿಗರ್ಡ್ ರೀತಿಯಲ್ಲಿ ಬಳಸುತ್ತಿತ್ತು. ತಿಂಗಳ ಕೊನೆಗೆ ಕೆಲವು ಮೀಟರುಗಳು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಿದ್ದವು. ಸಂಪರ್ಕ ಕಡಿದಿಲ್ಲ, ಲಾಗ್‌ನಲ್ಲಿ ಎರರ್ ಇಲ್ಲ. ಮೊಬೈಲ್ ನೆಟ್‌ವರ್ಕ್ ಸರಿಯಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ಎಸ್‌ಎಸ್ ಕಮಾಂಡ್ ಕೊಟ್ಟು ನೋಡಿದರೆ ಸುಮ್ಮನಾದ ಒಂದು ಸಾಕೆಟಿನ ಎದುರು, ರಿಸೀವ್-ಕ್ಯೂ ಕಾಲಮ್ಮಿನಲ್ಲಿ 904 ಎಂದಿತ್ತು. ಅಂದರೆ 904 ಬೈಟ್ ನಮ್ಮ ಮನೆಬಾಗಿಲಿಗೇ ಬಂದು ಬಿದ್ದಿದೆ, ಒಳಗೆ ತೆಗೆದುಕೊಂಡವರಿಲ್ಲ. ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಹಚ್ಚಿದಾಗ ಉಳಿದ ಕಥೆ ಸಿಕ್ಕಿತು: ಇಪೋಲ್ ಸುದ್ದಿ ಕೊಟ್ಟಿತು, ರೀಡ್ 4096 ಬೈಟ್ ತಂದಿತು, ಪ್ರೋಗ್ರಾಮ್ ಮತ್ತೆ ಕಾಯಲು ಹೋಯಿತು. ದಿನನಿತ್ಯದ ರೀಡಿಂಗ್ ಕೆಲವೇ ನೂರು ಬೈಟ್. ತಿಂಗಳ ವರದಿ 5000. ಬಫರ್ ಇದ್ದದ್ದು 4096.

ಎಡ್ಜ್-ಟ್ರಿಗರ್ಡ್ ಎಂದರೆ ಹಾಲಿನವನು ಒಮ್ಮೆ ಬೆಲ್ ಒತ್ತಿ ಹೋದ ಹಾಗೆ. ಒಂದು ಪ್ಯಾಕೆಟ್ ಎತ್ತಿಕೊಂಡು ಬಾಗಿಲು ಹಾಕಿದರೆ, ಉಳಿದದ್ದಕ್ಕಾಗಿ ಅವನು ಮತ್ತೆ ಬೆಲ್ ಒತ್ತುವುದಿಲ್ಲ. ಹೊಸ ಡೇಟಾ ಬಂದಿದ್ದರೆ ಮತ್ತೆ ಸುದ್ದಿ ಬರುತ್ತಿತ್ತು, ನಿಜ. ಆದರೆ ಮೀಟರು ನಮ್ಮ ಉತ್ತರಕ್ಕೆ ಕಾಯುತ್ತಿತ್ತು, ನಾವು ಅದರ ಡೇಟಾಕ್ಕೆ. ಸದ್ಯಕ್ಕೆ ಇನ್ನೇನೂ ಇಲ್ಲ ಎನ್ನುವ ಇಅಗೇನ್ ಎರರನ್ನು ರೀಡ್ ಕೊಡುವ ತನಕ ಓದುತ್ತಲೇ ಇರಬೇಕು. ಹಾಗೆಂದು ಒಂದೇ ಸಾಕೆಟ್ ಬಿಡದೆ ಸುರಿಯುತ್ತಿದ್ದರೆ ಬೇರೆಯವು ಉಪವಾಸ ಬೀಳುತ್ತವೆ. ಅದಕ್ಕೆ ಪ್ರತಿ ಸುತ್ತಿಗೂ ಒಂದು ಮಿತಿ ಹಾಕಿ, ಓದಿ ಮುಗಿಯದ ಸಾಕೆಟ್‌ಗಳನ್ನು ನಮ್ಮದೇ ಪಟ್ಟಿಯಲ್ಲಿ ಇಟ್ಟುಕೊಂಡೆವು. ಇಷ್ಟೆಲ್ಲ ಬೇಡದ ಕಡೆ ಲೆವೆಲ್-ಟ್ರಿಗರ್ಡ್ ಸಾಕು. ಬಾಕಿ ಇರುವವರೆಗೆ ಅದು ನೆನಪಿಸುತ್ತಲೇ ಇರುತ್ತದೆ. ಹೊಸದಾಗಿ ಬರೆಯುವವರಿಗೆ ನಾನು ಹೇಳುವುದೂ ಅದನ್ನೇ.

ಅದರಲ್ಲೂ ಒಂದು ಎಚ್ಚರ ಬೇಕು. ಸಾಕೆಟ್‌ಗೆ ಬರೆಯಲು ಜಾಗ ಹೆಚ್ಚು ಕಡಿಮೆ ಸದಾ ಇರುತ್ತದೆ. ಬರೆಯಲು ಜಾಗವಾದಾಗ ಹೇಳು ಎಂದು ಸುಮ್ಮನೆ ಕೇಳಿಟ್ಟರೆ ಕರ್ನಲ್ ಒಂದು ಕ್ಷಣವೂ ಬಿಡದೆ ಹೇಳುತ್ತದೆ, ಸಿಪಿಯು ನೂರಕ್ಕೆ ನೂರು ಓಡುತ್ತದೆ. ರೈಟ್ ತಾನೇ ಇಅಗೇನ್ ಕೊಟ್ಟ ಮೇಲಷ್ಟೇ ಕೇಳಬೇಕು, ಬರೆದು ಮುಗಿದ ಕೂಡಲೇ ತೆಗೆಯಬೇಕು.

ಸೆಲೆಕ್ಟ್‌ನ ಲಿನಕ್ಸ್ ಮ್ಯಾನ್ ಪುಟದಲ್ಲಿ ಒಂದು ಟಿಪ್ಪಣಿಯಿದೆ: ಡೇಟಾ ಬಂದಿದೆ ಎಂದು ಹೇಳಿದ ಮೇಲೂ ಓದಲು ಹೋದರೆ ರೀಡ್ ನಿಂತುಬಿಡಬಹುದು, ಬಂದ ಪ್ಯಾಕೆಟಿನ ಚೆಕ್‌ಸಮ್ ತಪ್ಪಾಗಿ ಕರ್ನಲ್ ಅದನ್ನು ಎಸೆದಿರಬಹುದು. ಕರ್ನಲ್ ಹೇಳುವುದು ಆಗಿಹೋದ ಕ್ಷಣದ ಸುದ್ದಿ. ಈಗ ಏನಿದೆ ಎಂದು ಹೇಳಬಲ್ಲದ್ದು ರೀಡ್ ಒಂದೇ. ಆದ್ದರಿಂದ ಪ್ರತಿ ಸಾಕೆಟೂ ನಾನ್-ಬ್ಲಾಕಿಂಗ್ ಆಗಿರಲೇಬೇಕು.

ಡಿಸ್ಕಿನ ಫೈಲುಗಳಿಗೆ ಈ ಸುದ್ದಿ ಕೊಡುವ ವ್ಯವಸ್ಥೆಯೇ ಇಲ್ಲ. ಪೋಲ್ ಅವನ್ನು ಯಾವಾಗಲೂ ಸಿದ್ಧ ಎನ್ನುತ್ತದೆ, ಇಪೋಲ್ ಪಟ್ಟಿಗೇ ಸೇರಿಸಿಕೊಳ್ಳುವುದಿಲ್ಲ. ಡಿಸ್ಕ್ ನಿಧಾನವಾದರೆ ಲಾಗ್ ಬರೆಯುವ ಒಂದು ಸಾಲು ಸಾವಿರ ಮೀಟರುಗಳನ್ನು ನಿಲ್ಲಿಸಬಲ್ಲದು. ನಾವು ಲಾಗನ್ನು ಬೇರೆ ಥ್ರೆಡ್‌ಗೆ ದಾಟಿಸಿದೆವು. 2019ರಲ್ಲಿ ಲಿನಕ್ಸ್ 5.1ಕ್ಕೆ ಜೆನ್ಸ್ ಆಕ್ಸ್‌ಬೋ ಸೇರಿಸಿದ ಐಒ-ಯುರಿಂಗ್ ಲೆಕ್ಕವನ್ನೇ ತಿರುಗಿಸಿತು. ಅಲ್ಲಿ ಬರುವುದು ಕೆಲಸ ಮುಗಿದ ಸುದ್ದಿ, ಫೈಲಾದರೂ ಸಾಕೆಟಾದರೂ. ಆದರೆ ಮುಗಿಯುವ ತನಕ ಬಫರನ್ನು ಮುಟ್ಟುವಂತಿಲ್ಲ. ಮೀಟರು ನಡುವೆ ಕೈಕೊಟ್ಟರೂ ರದ್ದು ಮಾಡಲು ಹೇಳಿ, ಮೂಲ ಕೆಲಸದ ಉತ್ತರ ಬಂದ ಮೇಲೆಯೇ ಬಫರ್ ಬಿಡಬೇಕು. ಡಿಸ್ಕಿಗೆ ಹೆಚ್ಚು ಬರೆಯುವ ಸರ್ವರ್ ಆಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಸದಾ ಸುಮ್ಮನಿರುವ ಮೀಟರುಗಳಿಗೆ ಇಪೋಲನ್ನೇ ಉಳಿಸಿಕೊಂಡೆವು.