ವಾರ್ತೆಯೂ ಊರಿನ ಹೆಸರೂ

ವಾರ್ತೆ ಓದುವವರ ಕನ್ನಡದ ಮಾತು ಬಂದಾಗ ನಾವು ಮೊದಲು ಹುಡುಕುವುದು ಮಹಾಪ್ರಾಣದ ತಪ್ಪನ್ನು. ‘ಭಾರತ’ವು ‘ಬಾರತ’ವಾದರೆ ನಗುತ್ತೇವೆ. ಆ ನಗೆಗೆ ನಾನೂ ಗುರಿಯಾದವನೇ. ಸಂಗನಕಲ್ಲಿನ ನನ್ನ ನಾಲಗೆಗೆ ‘ಧ’, ‘ಭ’ಗಳು ಶಾಲೆಗೆ ಹೋದ ಮೇಲೆ ಬಂದವು. ಆದರೆ ‘ಬಾರತ’ವೆಂದರೂ ದೇಶ ಯಾವುದೆಂದು ಎಲ್ಲರಿಗೂ ತಿಳಿಯುತ್ತದೆ. ತಿಳಿಯದಂತೆ ಮಾಡುವ ತಪ್ಪು ಬೇರೆಯೇ ಉಂಟು.

ಹೋದ ಮಳೆಗಾಲದ ಒಂದು ಸಂಜೆ ಟಿ.ವಿ.ಯ ವಾಹಿನಿಯೊಂದರಲ್ಲಿ, ‘ಕುರುಗೋದು’ವಿನಲ್ಲಿ ಮಳೆಗೆ ಮನೆಗಳ ಗೋಡೆ ಬಿದ್ದಿವೆಯೆಂದು ಓದಿದರು. ಕಣ್ಣು ಮಂಜಾದ ನಮ್ಮಜ್ಜಿ ಜೋಳ ಕೇರುತ್ತಲೇ ಕೇಳಿ, “ಅದ್ಯಾವ ಊರೋ ಏನೋ, ಪಾಪ” ಎಂದಳು. ಮಾರನೆಯ ದಿನ ಪತ್ರಿಕೆ ಬಂದಾಗ ಅದು ಕುರುಗೋಡು, ಅವಳ ತವರು! ತಮ್ಮನ ಮನೆಯ ಗೋಡೆಯೂ ಬಿದ್ದಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ತವರಿಗಾಗಿ ಮರುಗಬೇಕಾದ ರಾತ್ರಿ ನಿದ್ದೆ ಮಾಡಿದೆನಲ್ಲಾ ಎಂದು ಅವಳು ಈಗಲೂ ಹಲುಬುತ್ತಾಳೆ.

ಇದು ಆಗುವ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಸುದ್ದಿ ಇಂಗ್ಲಿಷಿನಲ್ಲಿ ಬಂದು ಅವಸರದಲ್ಲಿ ಕನ್ನಡವಾಗುತ್ತದೆ. ಇಂಗ್ಲಿಷಿನ ‘ಡಿ’ ಒಂದೇ ಅಕ್ಷರ. ಅದು ನಮ್ಮ ‘ದ’ಕಾರಕ್ಕೂ ‘ಡ’ಕಾರಕ್ಕೂ ದುಡಿಯಬೇಕು. ‘ಎಲ್’ ಎಂಬುದೂ ಹಾಗೆಯೇ ‘ಲ’, ‘ಳ’ ಎರಡಕ್ಕೂ. ಹಳ್ಳಿಯು ಹಲ್ಲಿಯಾಗುವುದು ಇದರಿಂದಲೇ. ಬಳ್ಳಾರಿಯ ಇಂಗ್ಲಿಷ್ ಬರೆವಣಿಗೆಯನ್ನು 2014ರ ನವೆಂಬರ್ 1ರಂದು ತಿದ್ದಿದರು. ಮೊದಲ ಸ್ವರ ಸರಿಹೋಯಿತು, ‘ಳ’ಕಾರವನ್ನು ತೋರಿಸಲು ಆ ಲಿಪಿಯಲ್ಲಿ ದಾರಿಯೇ ಇಲ್ಲ. ಹ್ರಸ್ವ ದೀರ್ಘಗಳ ಗತಿಯೂ ಅಷ್ಟೆ. ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡಿದ ಗುಡ್ಡಗಳಿಂದ ಪ್ರಸಿದ್ಧವಾದ ನಮ್ಮೂರನ್ನು ‘ಸಂಗನಕಾಲು’ ಎಂದರೆ ಸಂಗನಿಗೆ ಕಾಲು ಬರುತ್ತದೆ, ಊರಿಗೆ ಕಲ್ಲು ತಪ್ಪುತ್ತದೆ!

1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದ್ದು ತಮ್ಮ ಮನೆಯಿಂದಲೇ. ಅದಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಆಯಿತು. ಅಂಥ ನಾಡಿನಲ್ಲಿ ಓದುವವರು ಊರಿನ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿಟ್ಟುಕೊಳ್ಳುವುದು ದೊಡ್ಡ ಕೆಲಸವೇ? ಸಂದೇಹ ಬಂದರೆ ಆ ಕಡೆಯವರೊಬ್ಬರಿಗೆ ಫೋನು ಮಾಡಿದರಾಯಿತು. ಸಿರುಗುಪ್ಪದ ಬಸ್ಸಿನ ಕಂಡಕ್ಟರು ದಾರಿಯುದ್ದದ ಹೆಸರುಗಳನ್ನು ಕೂಗುವುದನ್ನು ಕೇಳಿದ್ದೇನೆ; ಅವನ ಬಾಯಲ್ಲಿ ಮಹಾಪ್ರಾಣ ಒಂದೂ ಇಲ್ಲ, ಆದರೆ ಇಳಿಯಬೇಕಾದವರು ಯಾರೂ ಊರು ತಪ್ಪುವುದಿಲ್ಲ.

ಅಜ್ಜಿ ಈಗ ವಾರ್ತೆಯಲ್ಲಿ ಗುರುತಿಲ್ಲದ ಹೆಸರು ಬಂದೊಡನೆ ಮೊರ ಕೆಳಗಿಟ್ಟು, “ಏನಂತ ಬರದಾರ, ನೋಡಿ ಹೇಳಪ್ಪ” ಎಂದು ನನ್ನನ್ನು ಕರೆಯುತ್ತಾಳೆ.